ಅಮ್ಮನ ಜೊತೆ ಸಿಂಗಾಪುರದ ಹಾಕರ್ ಸೆಂಟರ್‌ಗಳಲ್ಲಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಊಟದ ನೇಮಗಳು ಹಲವು. ಅಪ್ಪ ತೀರಿಕೊಂಡ ವರ್ಷ ಅಮ್ಮ ಮೀನು ಮಾಂಸ ಬಿಟ್ಟಳು. ನಾನು ತಿನ್ನುತ್ತೇನೆ, ಆದರೆ ಸೋಮವಾರಗಳಲ್ಲೂ ಹುಣ್ಣಿಮೆ ಅಮಾವಾಸ್ಯೆಗಳಲ್ಲೂ ಮುಟ್ಟುವುದಿಲ್ಲ. ಒಂಬತ್ತು ವರ್ಷಗಳಿಂದ ಸಿಂಗಾಪುರದಲ್ಲಿರುವ ತಂಗಿ ಕೋಳಿ ಮತ್ತು ಮೀನಿನಾಚೆಗೆ ಹೋಗುವುದಿಲ್ಲ. ಅವಳ ಗಂಡ ದನದ ಮಾಂಸವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ತಿನ್ನುತ್ತಾನೆ. ಅಲ್ಲಿಯೇ ಹುಟ್ಟಿದ ಎಂಟು ವರ್ಷದ ಮಗನಿಗೆ ಇನ್ನೂ ಯಾವ ನೇಮವೂ ಅಂಟಿಲ್ಲ. ಐದು ಜನ ಐದು ಬಗೆಯಾಗಿರುವ ಇಂಥ ಸಂಸಾರ ಹೊರಗೆ ಉಣ್ಣಲು ಹೊರಟರೆ ಬೆಂಗಳೂರಿನಲ್ಲಿಯೂ ಒಂದು ಹೋಟೆಲು ಸಾಲುವುದಿಲ್ಲ. ಅಮ್ಮನನ್ನು ಕರೆದುಕೊಂಡು ಐದಾರು ದಿನಕ್ಕೆಂದು ಸಿಂಗಾಪುರಕ್ಕೆ ಹೊರಟಾಗ ನನ್ನನ್ನು ಕಾಡಿದ ಪ್ರಶ್ನೆ ಅದೊಂದೇ: ನಾವೆಲ್ಲ ಒಟ್ಟಿಗೆ ಕೂತು ಉಣ್ಣುವುದು ಎಲ್ಲಿ?

ತಂಗಿಯ ಉತ್ತರ ಸಿದ್ಧವಾಗಿತ್ತು. ಹಾಕರ್ ಎಂದರೆ ಬೀದಿಯಲ್ಲಿ ಮಾರುವವರು; ಹಾಕರ್ ಸೆಂಟರ್ ಎಂದರೆ ಸರ್ಕಾರ ಕಟ್ಟಿಸಿದ ಒಂದು ದೊಡ್ಡ ಚಾವಣಿ. ಅದರ ಕೆಳಗೆ ಸಣ್ಣ ಸಣ್ಣ ಅಡುಗೆ ಮಳಿಗೆಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ದೇಶದಲ್ಲಿ ಇಂಥವು ನೂರಕ್ಕೂ ಹೆಚ್ಚು ಇವೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹುಸಂಸ್ಕೃತಿಯ ನಗರದಲ್ಲಿ ಜನ ಕೂಡಿ ಉಣ್ಣುವ ರೂಢಿ ಎಂಬ ಕಾರಣಕ್ಕೆ ಸಿಕ್ಕ ಮನ್ನಣೆ ಅದು. ಕೂಡಿ ಉಣ್ಣುವುದು ಎಂಬ ಮಾತು ನನಗೆ ಹಿಡಿಸಿತ್ತು; ಅದು ಹೇಗೆ ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆನ್ನಿಸಿತ್ತು.

ಮೊದಲ ದಿನ, ಶುಕ್ರವಾರ

ತಂಗಿಯ ಮನೆ ಇರುವುದು ತೋವಾ ಪಾಯೋದಲ್ಲಿ. ಆ ಹೆಸರಿನಲ್ಲೇ ಎರಡು ಭಾಷೆಗಳಿವೆ: ‘ತೋವಾ’ ಎಂದರೆ ಚೀನಿಯರ ಹೊಕ್ಕಿಯನ್ ನುಡಿಯಲ್ಲಿ ದೊಡ್ಡದು, ‘ಪಾಯಾ’ ಎಂದರೆ ಮಲಯ್ ಭಾಷೆಯಲ್ಲಿ ಜೌಗು. ಜೌಗು ಭೂಮಿಯನ್ನು ಹದಮಾಡಿ 1960ರ ದಶಕದಲ್ಲಿ ಕಟ್ಟಲು ತೊಡಗಿದ ಬಡಾವಣೆ ಅದು. ಸಂಜೆ ಏಳರ ಹೊತ್ತಿಗೆ ಸಾಮಾನು ಇಳಿಸಿ, ಕೈಕಾಲು ತೊಳೆದು, ಮನೆಯಿಂದ ಐದು ನಿಮಿಷದ ದಾರಿಯಲ್ಲಿದ್ದ ಹಾಕರ್ ಸೆಂಟರ್‌ಗೆ ನಡೆದೆವು.

ಗೋಡೆಗಳಿಲ್ಲದ ಕಟ್ಟಡ. ಮೇಲೆ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು, ನೆಲಕ್ಕೆ ಬೆಸೆದ ದುಂಡು ಮೇಜುಗಳ ಸುತ್ತ ನೆಲಕ್ಕೇ ಬೆಸೆದ ಸ್ಟೂಲುಗಳಿದ್ದವು. ಕೆಲಸ ಮುಗಿಸಿ ಬಂದವರು, ಸಮವಸ್ತ್ರದ ಮಕ್ಕಳು, ಚಡ್ಡಿ ಬನೀನಿನ ಮುದುಕರು. ತಂಗಿ ಮಾಡಿದ ಮೊದಲ ಕೆಲಸ, ಖಾಲಿ ಮೇಜೊಂದರ ಮೇಲೆ ಟಿಶ್ಯೂ ಪೇಪರಿನ ಪುಟ್ಟ ಪೊಟ್ಟಣವನ್ನಿಟ್ಟು ಬಂದದ್ದು. ಇದಕ್ಕೆ ಅಲ್ಲಿ ‘ಚೋಪ್’ ಮಾಡುವುದು ಎನ್ನುತ್ತಾರೆ. ಜಾತ್ರೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಆದರೆ ಇಲ್ಲಿ ಆ ಪೊಟ್ಟಣವನ್ನು ಸಾಮಾನ್ಯವಾಗಿ ಯಾರೂ ಎತ್ತಿ ಬದಿಗಿಡುವುದಿಲ್ಲ, ಅದರ ಬಗ್ಗೆ ಜಗಳವೂ ಅಪರೂಪ.

ಆ ಸಂಜೆಯ ಊಟ ಮಾತ್ರ ಚೆನ್ನಾಗಿ ಮುಗಿಯಲಿಲ್ಲ. ಅಮ್ಮನಿಗೆಂದು ಒಂದು ಮಳಿಗೆಯಲ್ಲಿ ಬರೀ ತರಕಾರಿ ಹಾಕಿದ ನೂಡಲ್ಸ್ ಹೇಳಿದೆವು. ಮಾಂಸ ಬೇಡ ಎಂದೆವು, ಮೊಟ್ಟೆ ಬೇಡ ಎಂದೆವು, ಅವರೂ ತಲೆಯಾಡಿಸಿದರು. ನಾಲ್ಕು ತುತ್ತಾದ ಮೇಲೆ ಅಮ್ಮನ ಚಮಚದಲ್ಲಿ ಉಗುರಿನಷ್ಟು ಸಣ್ಣ ಒಣ ಸಿಗಡಿಯೊಂದು ಕಾಣಿಸಿತು. ಅಲ್ಲಿಯ ಅನೇಕ ಚೀನೀ ಅಡುಗೆಗಳಲ್ಲಿ ಒಣ ಸಿಗಡಿ ಎಂದರೆ ನಮ್ಮ ಒಗ್ಗರಣೆಯಲ್ಲಿ ಇಂಗು ಇದ್ದ ಹಾಗೆ. ಅದನ್ನು ಯಾರೂ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮ್ಮ ಏನೂ ಹೇಳದೆ ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು, ನಮ್ಮ ಊಟ ಮುಗಿಯುವವರೆಗೆ ನಮ್ಮ ಜೊತೆಯಲ್ಲೇ ಕೂತಿದ್ದಳು. ತಂಗಿಯ ಕಣ್ಣು ತುಂಬಿತ್ತು. ಮನೆಗೆ ಬಂದು ಎರಡು ಬಾಳೆಹಣ್ಣು ತಿಂದು ಮಲಗುವಾಗ ಅಮ್ಮ ಹೇಳಿದ್ದು ಇಷ್ಟೆ: “ಅವರ ತಪ್ಪಲ್ಲ ಕಣೇ. ನಾವು ಕೇಳಿದ್ದು ಸರಿಯಾಗಲಿಲ್ಲ.”

ಎರಡನೆಯ ದಿನ, ಶನಿವಾರ

ಬೆಳಿಗ್ಗೆ ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರ್‌ಗೆ ಹೋದೆವು. ರೈಲು ನಿಲ್ದಾಣದಿಂದ ಹೊರಬಂದರೆ ಬಫಲೋ ರಸ್ತೆ, ಅದರ ಪಕ್ಕಕ್ಕೇ ಮಾರುಕಟ್ಟೆ. ಹಿಂದೆ ಈ ಪ್ರದೇಶದಲ್ಲಿ ದನ ಎಮ್ಮೆಗಳ ವ್ಯಾಪಾರ ನಡೆಯುತ್ತಿತ್ತು. ಹಳೆಯ ಮಾರುಕಟ್ಟೆಗೆ ಮಲಯ್ ಭಾಷೆಯಲ್ಲಿ ‘ಕಂಡಾಂಗ್ ಕೆರ್ಬಾವ್’ ಎಂಬ ಹೆಸರಿತ್ತು, ಎಂದರೆ ಎಮ್ಮೆ ಕೊಟ್ಟಿಗೆ. ಚೀನಿಯರು ಹೊಳೆಯಂಚಿನಲ್ಲಿ ಬೆಳೆಯುತ್ತಿದ್ದ ಬಿದಿರನ್ನು ನೋಡಿ, ಬಿದಿರಿನ ಬುಡ ಎಂಬರ್ಥದಲ್ಲಿ ‘ತೆಕ್ ಕಾ’ ಎಂದರು. ಈಗಿನ ಕಟ್ಟಡ 1982ರದು. ಮೊದಲು ಇದಕ್ಕೆ ಮ್ಯಾಂಡರಿನ್ ಚೀನಿಯಲ್ಲಿ ‘ಝುಜಿಯಾವೊ’ ಎಂದು ಹೆಸರಿಟ್ಟಿದ್ದರಂತೆ. ಜನರ ಬಾಯಿಗೆ ಅದು ಹತ್ತಲಿಲ್ಲವಾಗಿ 2000ದಲ್ಲಿ ಟೆಕ್ಕಾ ಎಂಬ ಹಳೆಯ ಹೆಸರನ್ನೇ ಮರಳಿ ತಂದರು. ಎಮ್ಮೆ ಕೊಟ್ಟಿಗೆಯ ಕಥೆ ಕೇಳಿ ಅಮ್ಮನ ಮುಖ ಅರಳಿತು. ಕರಿಬೇವು, ನುಗ್ಗೆಕಾಯಿ, ಬಾಳೆಎಲೆಗಳ ರಾಶಿಯ ನಡುವೆ ಅವಳ ನಡಿಗೆಗೆ ಊರಿನ ಸಂತೆಯ ಸಲೀಸು ಬಂತು.

ನೆಲ ಅಂತಸ್ತಿನ ಒಂದು ಭಾಗದಲ್ಲಿ ಸೊಪ್ಪು, ತರಕಾರಿ, ಮೀನು, ಮಾಂಸದ ಮಾರುಕಟ್ಟೆಯಿದ್ದು, ಇನ್ನೊಂದು ಭಾಗದಲ್ಲಿ ಅಡುಗೆ ಮಳಿಗೆಗಳಿವೆ. ಮೇಲಿನ ಅಂತಸ್ತಿನಲ್ಲಿ ಬಟ್ಟೆ ಅಂಗಡಿಗಳು, ಹೊಲಿಗೆಯವರು. ಅಡುಗೆಯ ಕಡೆಗೆ ಬಂದಾಗ ಮೊದಲು ನಮ್ಮನ್ನು ಹಿಡಿದು ನಿಲ್ಲಿಸಿದ್ದು ಪ್ರಾಟಾ ಮಾಡುತ್ತಿದ್ದ ಒಬ್ಬರ ಕೈಗಳು. ಎಣ್ಣೆಯಲ್ಲಿ ನೆನೆದು ಮೆತ್ತಗಾದ ಮೈದಾ ಉಂಡೆಯನ್ನು ಅಂಗೈಯಿಂದ ಒತ್ತಿ, ಎರಡು ಬೆರಳಲ್ಲಿ ಅಂಚು ಹಿಡಿದು ಗಾಳಿಯಲ್ಲಿ ಬೀಸುತ್ತಿದ್ದರು. ನಾಲ್ಕೇ ಬೀಸಿಗೆ ಅದು ಆಚೆಯ ಮುಖ ಕಾಣುವಷ್ಟು ತೆಳುವಾಗಿ ಹರಡಿ, ಮಡಿಕೆಯಾಗಿ ಕಾವಲಿಯ ಮೇಲೆ ಬೀಳುತ್ತಿತ್ತು. ಬೆಂದ ಮೇಲೆ ಎರಡೂ ಅಂಗೈಗಳ ನಡುವೆ ಚಪ್ಪಾಳೆ ತಟ್ಟಿದ ಹಾಗೆ ಒಮ್ಮೆ ಹೊಡೆದರೆ ಪದರಗಳು ಬಿಟ್ಟುಕೊಳ್ಳುತ್ತವೆ. ದಕ್ಷಿಣ ಭಾರತದಿಂದ ಬಂದವರು ತಂದ ಈ ರೊಟ್ಟಿಯನ್ನು ಅಲ್ಲಿ ಸಾಮಾನ್ಯವಾಗಿ ಮೀನಿನ ಅಥವಾ ಕುರಿಯ ಸಾರಿನೊಂದಿಗೆ ಕೊಡುತ್ತಾರೆ. ಕೇಳಿದರೆ ಬೇಳೆ ಸಾರೂ ಸಿಗುತ್ತದೆ.

ಅಮ್ಮ ಹಿಂದಿನ ರಾತ್ರಿಯ ಪಾಠವನ್ನು ಮರೆತಿರಲಿಲ್ಲ. ಸಸ್ಯಾಹಾರವನ್ನೇ ಮಾಡುವ ಒಂದು ಮಳಿಗೆಯ ಮುಂದೆ ನಿಂತು, ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ, ಎಣ್ಣೆ ಯಾವುದು, ಕಾವಲಿ ಬೇರೆಯೋ, ಸೌಟು ಬೇರೆಯೋ ಎಂದು ಒಂದೊಂದಾಗಿ ಕೇಳಿದಳು. ಮಳಿಗೆಯ ಹೆಂಗಸು ಬೇಸರಪಡಲಿಲ್ಲ. ತನ್ನ ಹಿಂದಿನ ಪಾತ್ರೆಗಳನ್ನು ತೋರಿಸಿ, ಇಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ ಎಂದಳು. ಫಲಕದಲ್ಲಿ ದೋಸೆಗೆ ‘ತೋಸೈ’ ಎಂದೇ ಬರೆದಿತ್ತು. ಅಮ್ಮ ದೋಸೆ ತೆಗೆದುಕೊಂಡಳು; ಜೊತೆಗೆ ಪಕ್ಕದಲ್ಲಿ ಸಿಕ್ಕ ಪುಟು ಮಾಯಂ. ಅದು ನಮ್ಮ ಒತ್ತು ಶಾವಿಗೆಯೇ: ಅಕ್ಕಿಹಿಟ್ಟಿನ ಎಳೆಗಳ ತಟ್ಟು, ಮೇಲೆ ತುರಿದ ಕಾಯಿ ಮತ್ತು ಸಕ್ಕರೆ. ಕಾಯಿಹಾಲು ಮಾತ್ರ ಇರಲಿಲ್ಲ. ನಾನು ಮತ್ತು ತಂಗಿಯ ಗಂಡ ಇಂಡಿಯನ್ ರೋಜಾಕ್ ತಂದೆವು. ತಮಿಳು ಮುಸ್ಲಿಮರ ಕೈಯಲ್ಲಿ ಸಿಂಗಾಪುರ, ಮಲೇಷ್ಯಾಗಳಲ್ಲಿ ಬೆಳೆದ ತಿಂಡಿ ಅದು. ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ಬಗೆಬಗೆಯ ವಡೆ, ಕರಿದ ಸಿಗಡಿ, ತೋಫು, ಆಲೂಗಡ್ಡೆಗಳಲ್ಲಿ ಬೇಕಾದ್ದನ್ನು ಆರಿಸಿಕೊಟ್ಟರೆ ಅವರು ಅದನ್ನು ಮತ್ತೆ ಬಿಸಿ ಮಾಡಿ, ತುಂಡರಿಸಿ, ಕೆಂಪಗಿನ ಸಿಹಿಖಾರದ ಗೊಜ್ಜಿನೊಂದಿಗೆ ಕೊಡುತ್ತಾರೆ. ಇದೇ ರೋಜಾಕ್ ಎಂಬ ಹೆಸರಿನಲ್ಲಿ ಚೀನಿಯರ ಮಳಿಗೆಯಲ್ಲಿ ಸಿಗುವುದು ಬೇರೆಯೇ ಒಂದು ತಿನಿಸು: ಅನಾನಸು, ಸೌತೆ, ಅಲ್ಲಿಯವರು ಟರ್ನಿಪ್ ಎನ್ನುವ ಗೆಡ್ಡೆಯ ತುಂಡುಗಳಿಗೆ ಕರಿಯ ಸಿಗಡಿ ಗೊಜ್ಜನ್ನು ಕಲಸಿ, ಹುರಿದ ಶೇಂಗಾಪುಡಿ ಉದುರಿಸಿದ್ದು.

ಜನ ಹೆಚ್ಚಿದ್ದುದರಿಂದ ನಮಗೆ ಸಿಕ್ಕದ್ದು ಅರ್ಧ ಮೇಜು. ಉಳಿದ ಅರ್ಧದಲ್ಲಿ ಬಾತುಕೋಳಿಯ ಅನ್ನ ತಿನ್ನುತ್ತಿದ್ದ ಚೀನೀ ಅಜ್ಜ, ಅವರ ಎದುರಿಗೆ ಬಿರಿಯಾನಿ ತಿನ್ನುತ್ತಿದ್ದ ತಲೆವಸ್ತ್ರದ ಹುಡುಗಿ. ಅವರಿಬ್ಬರೂ ಪರಸ್ಪರ ಅಪರಿಚಿತರು. ಅಮ್ಮನ ದೋಸೆಯ ತಟ್ಟೆಗೂ ಅಜ್ಜನ ತಟ್ಟೆಗೂ ನಡುವೆ ಒಂದು ಗೇಣು ಜಾಗವಿತ್ತು. ಅಮ್ಮ ಮೊದಲು ತನ್ನ ತಟ್ಟೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು. ಅಜ್ಜ ಅದನ್ನು ಗಮನಿಸಿ, ನಗುತ್ತಾ, ತಮ್ಮ ತಟ್ಟೆಯನ್ನೂ ತಮ್ಮ ಕಡೆಗೆ ಸರಿಸಿಕೊಂಡರು. ಆಮೇಲೆ ಇಬ್ಬರೂ ನಿರಾಳವಾಗಿ ಉಂಡರು.

ನನ್ನ ಚಿಕ್ಕಂದಿನಲ್ಲಿ ಊರ ಮದುವೆಗಳಲ್ಲಿ ಊಟಕ್ಕೆ ಕೂರುವ ಸಾಲುಗಳು ಬೇರೆ ಬೇರೆಯಾಗಿದ್ದವು. ಯಾರು ಯಾವ ಪಂಕ್ತಿಗೆ, ಯಾರು ಚಪ್ಪರದ ಹೊರಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಗದ್ದೆಗೆ ಬರುತ್ತಿದ್ದ, ನನ್ನನ್ನು ಎತ್ತಿ ಆಡಿಸಿದ ಹೆಂಗಸು ಕೊನೆಯ ಪಂಕ್ತಿಯೂ ಎದ್ದ ಮೇಲೆ ಹಿತ್ತಿಲಲ್ಲಿ ಕೂತು ಉಂಡದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಎಲೆಯ ಮೇಲಿನ ಅಡುಗೆ ಎಲ್ಲರಿಗೂ ಒಂದೇ ಆಗಿತ್ತು, ಕೂರುವ ನೆಲ ಒಂದಾಗಿರಲಿಲ್ಲ. ಟೆಕ್ಕಾದ ಮೇಜಿನಲ್ಲಿ ಅಡುಗೆ ಮೂರು ಬಗೆ, ಕೂತ ಜಾಗ ಒಂದು. ನಮ್ಮಲ್ಲಿ ಊಟದ ನೇಮಗಳನ್ನು ಕಾಪಾಡಲು ಜನರನ್ನು ದೂರ ಕೂರಿಸಬೇಕಾಗಿತ್ತು ಎಂದು ನಂಬಿದವರು ಇಂದಿಗೂ ಇದ್ದಾರೆ. ಅವರು ಆ ಬೆಳಿಗ್ಗೆ ನಮ್ಮ ಮೇಜಿನಲ್ಲಿರಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ಉಂಡಾದ ಮೇಲೆ ತಟ್ಟೆಗಳನ್ನು ನಾವೇ ಎತ್ತಿಡಬೇಕು. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರ್‌ಗಳಲ್ಲಿ ಇದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಮತ್ತೆ ಮರೆತರೆ ದಂಡ. ತಟ್ಟೆ ಇಡುವ ಗೂಡುಗಳು ಎರಡಿದ್ದವು: ಒಂದರ ಮೇಲೆ ಹಲಾಲ್ ಎಂದೂ ಇನ್ನೊಂದರ ಮೇಲೆ ಹಲಾಲ್ ಅಲ್ಲದ್ದು ಎಂದೂ ಫಲಕ. ಹಂದಿಮಾಂಸ ತಾಗಿದ ತಟ್ಟೆ ಮುಸ್ಲಿಮರ ಮಳಿಗೆಯ ತಟ್ಟೆಯೊಂದಿಗೆ ಬೆರೆಯಬಾರದು ಎಂಬುದೇ ಇದರ ಉದ್ದೇಶ. ಅಮ್ಮ ಆ ಗೂಡುಗಳ ಮುಂದೆ ಬಹಳ ಹೊತ್ತು ನಿಂತು ನೋಡಿದಳು. ಎಂಜಲು, ಮುಸುರೆ ಎಂಬ ಮಾತುಗಳೊಂದಿಗೆ ಬದುಕಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. “ಅವರವರ ಮುಸುರೆ ಅವರವರಿಗೆ. ಆಗ ಯಾರಿಗೂ ಭಯ ಇಲ್ಲ” ಎಂದಳು.

ಮೂರನೆಯ ದಿನ, ಭಾನುವಾರ

ಚೈನಾಟೌನ್. ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಜಾಮೆ ಮಸೀದಿ, ಅದಕ್ಕೆ ಕೆಲವೇ ಹೆಜ್ಜೆ ದೂರದಲ್ಲಿ ಶ್ರೀ ಮಾರಿಯಮ್ಮನ್ ದೇವಸ್ಥಾನ, ಇನ್ನೂ ಸ್ವಲ್ಪ ಮುಂದೆ ಬುದ್ಧನ ದಂತಾವಶೇಷದ ದೊಡ್ಡ ಗುಡಿ. ಮಾರಿಯಮ್ಮನ ಗುಡಿ ಸ್ಥಾಪನೆಯಾದದ್ದು 1827ರಲ್ಲಿ, ಸಿಂಗಾಪುರದ ಅತ್ಯಂತ ಹಳೆಯ ಹಿಂದೂ ದೇವಸ್ಥಾನ ಅದು. ಅಮ್ಮ ಕುಂಕುಮ ಹಚ್ಚಿಕೊಂಡು ಹೊರಬಂದಳು. ಬುದ್ಧನ ಗುಡಿಯ ಹತ್ತಿರದಲ್ಲೇ ರಸ್ತೆ ದಾಟಿದರೆ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್.

ಇಲ್ಲಿ ನಾನು ತಿಂದದ್ದು ಹೈನಾನ್ ಕೋಳಿ ಅನ್ನ. ಚೀನಾದ ತುದಿಯ ಹೈನಾನ್ ದ್ವೀಪದಿಂದ ಬಂದವರ ಅಡುಗೆ. ಉಳಿದ ಚೀನೀ ಸಮುದಾಯಗಳಿಗಿಂತ ತಡವಾಗಿ ಬಂದ ಹೈನಾನಿನವರಲ್ಲಿ ಬಹಳ ಮಂದಿ ಬ್ರಿಟಿಷರ ಮನೆಗಳಲ್ಲೂ ಹೋಟೆಲುಗಳಲ್ಲೂ ಅಡುಗೆಯವರಾಗಿ ದುಡಿದರು. ತಟ್ಟೆ ನೋಡಿದರೆ ಬಣ್ಣವೇ ಇಲ್ಲ: ಬಿಳಿಯ ಕೋಳಿ, ಬಿಳಿಯ ಅನ್ನ, ನಾಲ್ಕು ಹೋಳು ಸೌತೆ. ಆದರೆ ಆ ಅನ್ನವನ್ನು ಕೋಳಿಯ ಜಿಡ್ಡಿನಲ್ಲಿ ಶುಂಠಿ ಬೆಳ್ಳುಳ್ಳಿಯೊಂದಿಗೆ ಬಾಡಿಸಿ, ಕೋಳಿ ಬೆಂದ ನೀರಿನಲ್ಲೇ ಪಾಂಡನ್ ಎಲೆ ಹಾಕಿ ಬೇಯಿಸಿರುತ್ತಾರೆ. ಪಾಂಡನ್ ನಮ್ಮ ಕೇದಗೆಯ ಕುಲದ ಗಿಡ. ಕೋಳಿಯನ್ನು ಕುದಿಯಲು ಬಿಡದೆ ಹದವಾದ ಬಿಸಿನೀರಿನಲ್ಲಿ ಬೇಯಿಸಿ ಕೂಡಲೇ ತಣ್ಣೀರಿಗೆ ಹಾಕುವುದರಿಂದ ಚರ್ಮ ಬಿಗಿಯಾಗಿ, ಮಾಂಸ ಬೆಣ್ಣೆಯಂತಿರುತ್ತದೆ. ಮೊದಲ ತುತ್ತಿನಲ್ಲಿ ನನಗೆ ಸಪ್ಪೆ ಎನ್ನಿಸಿತು. ಮೆಣಸು ಶುಂಠಿಯ ಚಟ್ನಿ ಸವರಿಕೊಂಡು ಮೂರನೆಯ ತುತ್ತಿಗೆ ಬರುವಾಗ ಅನ್ನದ ರುಚಿ ಹತ್ತಿತು. ನನ್ನ ಮಟ್ಟಿಗೆ ಈ ಊಟದಲ್ಲಿ ಮುಖ್ಯವಾದದ್ದು ಅನ್ನವೇ.

ಅಲ್ಲಿಂದ ಚೈನಾಟೌನ್ ಕಾಂಪ್ಲೆಕ್ಸಿಗೆ. ಇಡೀ ದೇಶದಲ್ಲಿ ಅತಿ ದೊಡ್ಡ ಹಾಕರ್ ಸೆಂಟರ್ ಇದು, ಎರಡನೆಯ ಅಂತಸ್ತಿನಲ್ಲಿ 200ಕ್ಕೂ ಹೆಚ್ಚು ಮಳಿಗೆಗಳು. 2016ರಲ್ಲಿ, ಹೋಟೆಲುಗಳ ಅಡುಗೆಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿ ಮೊದಲ ಬಾರಿಗೆ ಹಾಕರ್ ಮಳಿಗೆಗಳಿಗೆ ನಕ್ಷತ್ರ ಕೊಟ್ಟಾಗ ಆಯ್ಕೆಯಾದ ಎರಡರಲ್ಲಿ ಒಂದು ಇಲ್ಲಿನ ಸೋಯಾ ಕೋಳಿಯ ಮಳಿಗೆ. ಈ ಓಣಿಗಳಲ್ಲಿ ಅಲೆಯುವಾಗಲೇ ತಂಗಿಯ ಗಂಡ ಹಳೆಯ ಕಥೆ ಹೇಳಿದ. ಇಲ್ಲಿಗೆ ಮೊದಲು ಬಂದವರು ಒಂದು ಕಾಲಕ್ಕೆ ಬೀದಿಯಲ್ಲಿ ಮಾರುತ್ತಿದ್ದವರು. ಒಂದು ಕಡೆ ಒಲೆ, ಇನ್ನೊಂದು ಕಡೆ ಪಾತ್ರೆಗಳಿರುವ ಅಡ್ಡೆಯನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದರು. ಒಂದೇ ಬಕೆಟ್ ನೀರಿನಲ್ಲಿ ದಿನವಿಡೀ ತಟ್ಟೆ ತೊಳೆಯುತ್ತಿದ್ದರು. ಮುಸುರೆಯೆಲ್ಲ ಚರಂಡಿಗೆ, ಚರಂಡಿಯಿಂದ ಹೊಳೆಗೆ. ಕಾಲರಾ, ಟೈಫಾಯ್ಡ್‌ಗಳ ಭಯ ಯಾವಾಗಲೂ ಇತ್ತು. 1968 ಮತ್ತು 69ರಲ್ಲಿ ಸರ್ಕಾರ ಇಂಥ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. 1971ರಿಂದ 1986ರವರೆಗೆ ನಲ್ಲಿ, ಒಳಚರಂಡಿ, ವಿದ್ಯುತ್ತು ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಕರೆತಂದಿತು. ಆಗ ಬಂದವರಿಗೆ ರಿಯಾಯಿತಿಯ ಬಾಡಿಗೆ. ಆನಂತರದವರು ಮಳಿಗೆಗಳನ್ನು ಟೆಂಡರಿನಲ್ಲಿ ಕೂಗಿ ಹಿಡಿಯುತ್ತಾರೆ.

ನಮ್ಮಲ್ಲಿಯೂ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯ್ದೆ 2014ರಿಂದ ಇದೆ. ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ನಿಂತು ಅವರೆಬೇಳೆ ದೋಸೆ ತಿನ್ನುವಾಗಲೆಲ್ಲ ನಾನು ಹುಡುಕುವುದು ಕೈತೊಳೆಯುವ ನಲ್ಲಿಯನ್ನು. ಬೀದಿಯ ರುಚಿಯನ್ನು ಕೊಂದೇ ಶುಚಿ ತರಬೇಕು ಎಂಬ ವಾದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇಲ್ಲಿ ಐದು ಅಡಿ ಅಗಲದ ಮಳಿಗೆಯೊಳಗೆ ಹೊಗೆಯಾಡುವ ಬಾಣಲೆಯ ಮುಂದೆ ಬೆವರುತ್ತಿದ್ದ ಮನುಷ್ಯನ ಹಿಂದೆ ಒಂದು ನಲ್ಲಿ ಇತ್ತು, ನಲ್ಲಿಯಲ್ಲಿ ನೀರಿತ್ತು. ಅವನ ಬಾಣಲೆಯ ರುಚಿಗೆ ಯಾವ ಊನವೂ ಬಂದಿರಲಿಲ್ಲ.

ನಾಲ್ಕನೆಯ ದಿನ, ಸೋಮವಾರ

ಬೆಳಿಗ್ಗೆ ತಿಯೋಂಗ್ ಬಾರು ಮಾರುಕಟ್ಟೆಗೆ ಹೋಗಿ ಅರ್ಧ ನಿರಾಸೆಯಾಯಿತು. ಸೋಮವಾರ ಅಲ್ಲಿ ಅನೇಕ ಮಳಿಗೆಗಳಿಗೆ ರಜೆ. ತೆರೆದಿದ್ದ ಒಂದು ಕಡೆ ಚ್ವೀ ಕ್ವೇ ಸಿಕ್ಕಿತು. ಪುಟ್ಟ ಬಟ್ಟಲುಗಳಲ್ಲಿ ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ಬಿಲ್ಲೆಗಳು, ನಡುವಿನ ಕುಳಿಯಲ್ಲಿ ಹುರಿದ ಉಪ್ಪುಮೂಲಂಗಿ. ದೂರದಿಂದ ನೋಡಿದ ಅಮ್ಮ “ಇಡ್ಲಿ!” ಎಂದು ಉದ್ಗರಿಸಿದಳು. ಉದ್ದೂ ಇಲ್ಲ, ಹುಳಿ ಬರಿಸಿದ್ದೂ ಅಲ್ಲ. ಆದರೂ ಸಾಕುವಷ್ಟು ಹತ್ತಿರದ ನೆಂಟತನ. ಮೂಲಂಗಿಯಲ್ಲಿ ಒಣ ಸಿಗಡಿ ಇದೆಯೇ ಎಂದು ಕೇಳಿದೆವು, ಇದೆ ಎಂದರು. ಅಮ್ಮನೂ ಸೋಮವಾರದ ನಾನೂ ನೋಡುತ್ತಾ ಕೂತೆವು. ನೇಮವಿಲ್ಲದ ಮೊಮ್ಮಗ ಅಜ್ಜಿಯ ಎದುರಿಗೆ ಐದು ಬಿಲ್ಲೆಗಳನ್ನು ಮುಗಿಸಿದ.

ಅಂದು ಹುಣ್ಣಿಮೆಯೂ ಆಗಿತ್ತು. ಮಧ್ಯಾಹ್ನ ತೋವಾ ಪಾಯೋಕ್ಕೆ ಮರಳಿ, ತಂಗಿ ಗೊತ್ತುಮಾಡಿಟ್ಟಿದ್ದ ಚೀನೀ ಸಸ್ಯಾಹಾರದ ಮಳಿಗೆಗೆ ಹೋದರೆ ಅಲ್ಲಿ ಉದ್ದನೆಯ ಸರದಿ. ಉಳಿದ ದಿನ ಇಷ್ಟು ಜನ ಇರುವುದಿಲ್ಲ ಎಂದು ತಂಗಿಗೇ ಆಶ್ಚರ್ಯ. ಸರದಿಯಲ್ಲಿ ನಮ್ಮ ಮುಂದಿದ್ದ ಹೆಂಗಸನ್ನು ಕೇಳಿದಾಗ ಕಾರಣ ತಿಳಿಯಿತು. ಚೀನೀ ಚಾಂದ್ರಮಾನದ ತಿಂಗಳಿನ ಒಂದನೆಯ ಮತ್ತು ಹದಿನೈದನೆಯ ದಿನ ಅನೇಕ ಬೌದ್ಧರು, ದಾವೊ ಮತದವರು ಮಾಂಸ ಬಿಡುತ್ತಾರೆ. ಅಂದು ಹದಿನೈದು. ಅವರ ತಿಂಗಳು ಅಮಾವಾಸ್ಯೆಯಿಂದ ಶುರುವಾಗುವುದರಿಂದ ಹದಿನೈದನೆಯ ದಿನ ಹುಣ್ಣಿಮೆಗೆ ಬಂದು ಸೇರುತ್ತದೆ. ನಾನು ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಆ ಹೆಂಗಸಿನ ಕಡೆಗೆ ತಿರುಗಿ, ಭಾಷೆ ಬಾರದೆ, ಮೇಲಕ್ಕೆ ಕೈಯೆತ್ತಿ ಬೆರಳಲ್ಲಿ ಗಾಳಿಯಲ್ಲಿ ಒಂದು ದುಂಡನೆಯ ವೃತ್ತ ಬರೆದು, ಆಮೇಲೆ ತನ್ನ ಎದೆ ಮುಟ್ಟಿ ತೋರಿಸಿದಳು. ಆಕೆಗೆ ಅರ್ಥವಾಯಿತು. “ಸೇಮ್, ಸೇಮ್, ಆಂಟಿ” ಎಂದು ಅಮ್ಮನ ಮುಂಗೈ ತಟ್ಟಿದರು.

ಮಳಿಗೆಯ ಗಾಜಿನ ಹಿಂದೆ ಇಪ್ಪತ್ತರಷ್ಟು ತಟ್ಟೆಗಳು: ಹುರಿದ ಶಾವಿಗೆ, ಎಲೆಕೋಸು, ಬೆಂಡೆ, ಬದನೆ, ತೋಫುವಿನ ಹಲವು ರೂಪ, ಗೋಧಿಯ ಅಂಟಿನಿಂದ ಮಾಂಸದ ಹಾಗೆ ಮಾಡಿದ ತುಂಡುಗಳು. ಬೇಕಾದ್ದನ್ನು ಬೆರಳಿಟ್ಟು ತೋರಿಸಿದರೆ ಬಡಿಸುತ್ತಾರೆ. ಕಟ್ಟಾ ಬೌದ್ಧರ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ, ಮನಸ್ಸನ್ನು ಕೆರಳಿಸುತ್ತವೆ ಎಂಬ ಕಾರಣಕ್ಕೆ. ಊರಿನಲ್ಲಿ ನಮ್ಮ ನೆರೆಮನೆಯ ಬ್ರಾಹ್ಮಣ ಅಜ್ಜಿ ಹೇಳುತ್ತಿದ್ದ ಕಾರಣವೂ ಅದೇ. ಅಮ್ಮ ಮಾಂಸದ ರೂಪದ ತುಂಡುಗಳನ್ನು ಮಾತ್ರ ಒಲ್ಲೆನೆಂದಳು, ಬಿಟ್ಟದ್ದನ್ನು ಮತ್ತೆ ನೆನೆಯುವುದು ಯಾಕೆ ಎಂಬುದು ಅವಳ ವಾದ. ನನಗೆ ಅದು ಸರಿಯೆನ್ನಿಸಿತು. ಶಾವಿಗೆ, ಬೆಂಡೆ, ತೋಫುಗಳನ್ನು ಹಾಕಿಸಿಕೊಂಡು, ಮೊದಲ ರಾತ್ರಿ ಎದ್ದುಹೋಗಿದ್ದ ಅದೇ ಕಟ್ಟಡದಲ್ಲಿ, ಒಂದು ಅಗುಳೂ ಬಿಡದೆ ಉಂಡಳು. ಬಾತು ತಿನ್ನುವ ಅಳಿಯ, ಮೀನಿನ ಸೂಪು ಕುಡಿಯುವ ಮಗಳು, ಹುಣ್ಣಿಮೆಯ ನಾನು, ಎಲ್ಲರೂ ಅದೇ ಮೇಜಿನ ಸುತ್ತ ಇದ್ದೆವು.

ಆ ಮಳಿಗೆಯನ್ನು ನಡೆಸುವವರು ಗಂಡ ಹೆಂಡತಿ, ಇಬ್ಬರೂ ಎಪ್ಪತ್ತರ ಆಸುಪಾಸಿನವರು. ಸಿಂಗಾಪುರದ ಹಾಕರುಗಳಲ್ಲಿ ಅರ್ಧದಷ್ಟು ಜನ ಅರವತ್ತನ್ನು ಸಮೀಪಿಸಿದವರು ಅಥವಾ ದಾಟಿದವರು. ಮುಂಜಾನೆ ನಾಲ್ಕಕ್ಕೆ ಎದ್ದು ಹೆಚ್ಚಿ ತೊಳೆದು ದಿನವಿಡೀ ಬೆಂಕಿಯ ಮುಂದೆ ನಿಲ್ಲುವ ಕೆಲಸಕ್ಕೆ ಓದಿದ ಮಕ್ಕಳು ಬರುವುದಿಲ್ಲ. ಹೊಸಬರಿಗೆ ತರಬೇತಿ ಕೊಟ್ಟು, ಹಳಬರ ಕೈಕೆಳಗೆ ಕಲಿಸಿ ಮಳಿಗೆ ಹಿಡಿಸುವ ಸರ್ಕಾರಿ ಕಾರ್ಯಕ್ರಮವೊಂದು 2020ರಿಂದ ನಡೆಯುತ್ತಿದೆ. ನಿಮ್ಮ ನಂತರ ಯಾರು ಎಂದು ತಂಗಿ ಕೇಳಿದ್ದಕ್ಕೆ ಆ ಹಿರಿಯರು ಸೌಟನ್ನು ಹೆಂಡತಿಯ ಕಡೆಗೆ ತೋರಿಸಿದರು, ಆಕೆ ಗಂಡನ ಕಡೆಗೆ ತೋರಿಸಿದರು. ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಈ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ.

ಐದನೆಯ ದಿನ, ಮಂಗಳವಾರ

ಮಧ್ಯಾಹ್ನ ಮಲಯ್ ಜನರ ಹಳೆಯ ನೆಲೆಯಾದ ಗೇಲಾಂಗ್ ಸೆರಾಯ್ ಮಾರುಕಟ್ಟೆ. ಅಮ್ಮ ಅಲ್ಲಿ ಊಟ ಮಾಡಲಿಲ್ಲ, ಸಿಹಿ ತಿಂದಳು. ‘ಓಂಡೆ ಓಂಡೆ’ ಎಂಬುದು ಪಾಂಡನ್ ರಸದಿಂದ ಹಸಿರಾದ, ಕಾಯಿತುರಿಯಲ್ಲಿ ಹೊರಳಿಸಿದ ಪುಟ್ಟ ಉಂಡೆ. ಬಾಯಿಗೆ ಹಾಕಿ ಕಚ್ಚಿದರೆ ಒಳಗಿನ ಕರಗಿದ ತಾಳೆಬೆಲ್ಲ ನಾಲಿಗೆಯ ಮೇಲೆ ಹರಿಯುತ್ತದೆ. ಕಾಯಿ, ಬೆಲ್ಲ, ಅಕ್ಕಿ: ಚೌತಿಯ ಕಡುಬಿನ ಸಂಸಾರವೇ. ಬೆಲ್ಲಕ್ಕೆ ಅಲ್ಲಿ ‘ಗುಲಾ ಮೆಲಾಕಾ’ ಎನ್ನುತ್ತಾರೆ. ಆ ‘ಗುಲಾ’ ನಮಗೂ ಗೊತ್ತಿರುವ ಸಂಸ್ಕೃತದ ‘ಗುಡ’. ಅಂಗಡಿಗೆ ಅವರು ಹೇಳುವ ‘ಕೆಡಾಯ್’ ತಮಿಳಿನ ‘ಕಡೈ’. ಸಾವಿರಾರು ವರ್ಷಗಳ ವ್ಯಾಪಾರದ ಗುರುತುಗಳು ಪದಗಳಲ್ಲಿ ಹೀಗೆ ಉಳಿದಿವೆ.

ಸಂಜೆ ಲಾವ್ ಪಾ ಸಾತ್. ಹೊಕ್ಕಿಯನ್‌ನಲ್ಲಿ ಹಳೆಯ ಮಾರುಕಟ್ಟೆ ಎಂದರ್ಥ. ‘ಪಾ ಸಾತ್’ ಬಂದದ್ದು ಮಲಯ್‌ನ ‘ಪಾಸಾರ್’ ಎಂಬುದರಿಂದ, ಅದು ಪಾರಸಿಯ ‘ಬಾಜಾರ್’ ಎಂಬುದರಿಂದ. ಗ್ಲಾಸ್ಗೋದಿಂದ ಎರಕದ ಕಬ್ಬಿಣದ ಕಂಬ ಕಮಾನುಗಳನ್ನು ತರಿಸಿ 1894ರಲ್ಲಿ ಮುಗಿಸಿದ ಎಂಟು ಮೂಲೆಗಳ ಕಟ್ಟಡ, ಸುತ್ತ ಬ್ಯಾಂಕುಗಳ ಗಗನಚುಂಬಿಗಳು. ಸಂಜೆಯಾದ ಮೇಲೆ ಪಕ್ಕದ ಬೂನ್ ತಾತ್ ಬೀದಿಯನ್ನು ವಾಹನಗಳಿಗೆ ಮುಚ್ಚಿ ಸಾಟೆ ಸುಡುವವರು ಇದ್ದಿಲು ಒಲೆ ಹಚ್ಚುತ್ತಾರೆ. ಕಡ್ಡಿಗೆ ಪೋಣಿಸಿದ ಮಾಂಸ, ಬೀಸಣಿಗೆಯ ಗಾಳಿ, ಕಿಡಿ, ಶೇಂಗಾ ಗೊಜ್ಜು. ಬೆಲೆ ಬಡಾವಣೆಯ ಸೆಂಟರಿಗಿಂತ ಹೆಚ್ಚು, ಪ್ರವಾಸಿಗರೂ ಹೆಚ್ಚು. ಸಾಟೆ ಚೆನ್ನಾಗಿತ್ತು, ಆದರೂ ನನಗೆ ತೋವಾ ಪಾಯೋದ ಮೇಜೇ ನೆನಪಾಗುತ್ತಿತ್ತು. ಅಮ್ಮ ಹೊಗೆಯಿಂದ ದೂರ, ಚಾವಣಿಯ ಕೆಳಗೆ ಕಬ್ಬು ಹಾಲು ಕುಡಿಯುತ್ತಾ ಕೂತಿದ್ದಳು.

ಆರನೆಯ ದಿನ, ಬುಧವಾರ

ವಿಮಾನ ಮಧ್ಯಾಹ್ನಕ್ಕೆ. ಬೆಳಿಗ್ಗೆ ಆರೂವರೆಗೆ ಕೊನೆಯ ಬಾರಿ ಮನೆಯ ಹತ್ತಿರದ ಸೆಂಟರಿಗೆ ಕಾಫಿ ಕುಡಿಯಲು ಹೋದೆವು. ಅಲ್ಲಿಯ ಕಾಫಿಗೆ ‘ಕೋಪಿ’ ಎಂದು ಹೆಸರು. ಬೀಜವನ್ನು ಸಕ್ಕರೆ ಮತ್ತು ಜಿಡ್ಡು ಹಾಕಿ ಕಪ್ಪಗೆ ಹುರಿದು, ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ನಮ್ಮಜ್ಜಿ ಪಂಚೆಯ ತುಂಡಿನಲ್ಲಿ ಕಾಫಿ ಸೋಸುತ್ತಿದ್ದ ಕ್ರಮ ಅಮ್ಮನಿಗೆ ಮೊದಲ ನೋಟಕ್ಕೇ ನೆನಪಾಗಿತ್ತು. ಬರೀ ಕೋಪಿ ಎಂದರೆ ಗಟ್ಟಿ ಸಿಹಿಹಾಲು ಹಾಕಿ ಕೊಡುತ್ತಾರೆ. ‘ಓ’ ಎಂದರೆ ಹಾಲಿಲ್ಲದ್ದು. ‘ಸಿ’ ಎಂದರೆ ಸಿಹಿ ಬೆರೆಸದ ಬತ್ತಿಸಿದ ಹಾಲು, ಸಕ್ಕರೆ ಬೇರೆ. ‘ಸಿಯೂ ದೈ’ ಎಂದರೆ ಸಿಹಿ ಕಡಿಮೆ. ‘ಕೊಸೋಂಗ್’ ಎಂದರೆ ಸಕ್ಕರೆಯೇ ಇಲ್ಲ. ಈ ಪದಗಳು ಕೆಲವು ಚೀನಿಯರ ನುಡಿಗಳಿಂದ, ಕೆಲವು ಮಲಯ್‌ನಿಂದ ಬಂದವು. ಯಾರ ಬಾಯಲ್ಲಿಯೂ ಸಲೀಸಾಗಿ ಬರುತ್ತವೆ. ಅಮ್ಮನ ಬಾ‌ಯಲ್ಲಿಯೂ ಬಂದವು. ತಂಗಿ ಮುಂದೆ ಹೋಗುವ ಮೊದಲೇ ಅವಳು ನೋಟು ಹಿಡಿದು ನಿಂತು “ಕೋಪಿ ಸಿ ಸಿಯೂ ದೈ, ಎರಡು” ಎಂದಳು. ‘ಎರಡು’ ಎಂಬುದಕ್ಕೆ ಬೆರಳು ತೋರಿಸಿದಳು.

ಮೊಮ್ಮಗನಿಗೆ ಹಲಾಲ್ ಮಳಿಗೆಯಿಂದ ಕಾಯಿಹಾಲಿನ ಅನ್ನ ತಂದಿದ್ದೆವು, ನಮಗೆ ಬೇರೆ ಮಳಿಗೆಯ ಸುಟ್ಟ ಬ್ರೆಡ್ಡು ಮತ್ತು ಕಾಯಾ, ಕಾಯಿಹಾಲು ಮೊಟ್ಟೆಗಳ ಸಿಹಿ ಮುರಬ್ಬ. ಅಮ್ಮ ಕಾಯಾ ಬೇಡವೆಂದು ಬರೀ ಬೆಣ್ಣೆ ಸವರಿಸಿಕೊಂಡಳು. ತಿಂದು ಮುಗಿಯುವ ಹೊತ್ತಿಗೆ ಮುದುಕರೊಬ್ಬರು ಟ್ರೇ ಹಿಡಿದು ಜಾಗಕ್ಕಾಗಿ ನೋಡುತ್ತಾ ನಿಂತರು. ನಾನು ಅವಸರದಲ್ಲಿ ಎಲ್ಲ ತಟ್ಟೆಗಳನ್ನೂ ಒಂದೇ ಟ್ರೇಯಲ್ಲಿ ಪೇರಿಸಿ ಎದ್ದೆ. ಅಮ್ಮ ನನ್ನ ಕೈ ತಡೆದು, ಹುಡುಗನ ತಟ್ಟೆ ಚಮಚಗಳನ್ನು ಅದರಿಂದ ಬೇರೆ ತೆಗೆದು, ಅವನ ಕೈಗೇ ಕೊಟ್ಟು, “ಇದು ಆ ಕಡೆ ಗೂಡಿಗೆ ಇಟ್ಟು ಬಾ, ಬೆರೆಸಬೇಡ” ಎಂದಳು. ಅವನು ಇಟ್ಟದ್ದನ್ನು ನಿಂತು ನೋಡಿ, ಉಳಿದ ಟ್ರೇಯನ್ನು ತಾನೇ ಇನ್ನೊಂದು ಗೂಡಿಗೆ ತಳ್ಳಿ, ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ನಾವು ಹಿಂತಿರುಗಿ ನೋಡುವಾಗ ಆ ಮುದುಕರು ನಮ್ಮ ಮೇಜಿನಲ್ಲಿ ಕೂತು ತಮ್ಮ ಬಟ್ಟಲಿನ ಹಬೆಯನ್ನು ಊದುತ್ತಿದ್ದರು.